ತೆಗೆದು ನೋಡುವ ವಿಜ್ಞಾನ

ಮಕ್ಕಳೇ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಿಂದ ನೀವು ಈ ವಿಜ್ಞಾನ ವಸ್ತುಪ್ರದರ್ಶನಕ್ಕೆ ಮಾದರಿಗಳನ್ನು ಹೊತ್ತು ತಂದಿದ್ದೀರಿ.

ಕಬ್ಬು ಹೇರಿದ ಚಕ್ಕಡಿಯ ಎತ್ತಿಗೆ ಕಟ್ಟಿದ ಗೆಜ್ಜೆ ಬಿಚ್ಚಿದರೂ ಗಾಡಿ ಸಾಗುತ್ತದೆ. ಕಡೆಗೀಲು ಕಿತ್ತರೆ ಗಾಲಿಯೇ ಕಳಚುತ್ತದೆ. ಬ್ಯಾಕ್ಟೀರಿಯಾದ ಸಾವಿರಾರು ಜೀನ್‌ಗಳಲ್ಲೂ ಅಂಥ ಕಡೆಗೀಲುಗಳಿವೆ. ಅವೇ ಅತ್ಯಗತ್ಯ ಜೀನ್‌ಗಳು.

ಅವು ಯಾವುವೆಂದು ತಿಳಿಯಲು ಒಂದೊಂದನ್ನೇ ತೆಗೆದು ನೋಡಬೇಕು. ಜಪಾನಿನ ವಿಜ್ಞಾನಿಗಳು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಹಾಗೇ ಮಾಡಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. 3,985 ಜೀನ್‌ಗಳಲ್ಲಿ ಯಾವ ಒಂದನ್ನು ತೆಗೆದರೂ ಬ್ಯಾಕ್ಟೀರಿಯಾ ಬದುಕಿತು. 303 ಜೀನ್‌ಗಳನ್ನು ಮಾತ್ರ ತೆಗೆಯಲಾಗಲಿಲ್ಲ.

ಇನ್ನೊಂದು ದಾರಿಯ ಮೂಲ ನಮ್ಮ ಹೊಲಗಳಲ್ಲೂ ಬೆಳೆಯುವ ಗೋವಿನಜೋಳ. ಅದರ ಕಾಳಿನ ಬಣ್ಣಗಳನ್ನು ವರ್ಷಗಟ್ಟಲೆ ಗಮನಿಸಿದ ಬಾರ್ಬರಾ ಮೆಕ್ಲಿಂಟಾಕ್, ಜಾಗ ಬದಲಿಸುವ ಜೀನ್‌ಗಳನ್ನು ಕಂಡುಹಿಡಿದು 1983ರಲ್ಲಿ ನೊಬೆಲ್ ಪಡೆದರು. ಅಂಥ ಡಿಎನ್‌ಎ ತುಣುಕು ಯಾವ ಜೀನಿನೊಳಗೆ ಹೊಕ್ಕರೂ ಆ ಜೀನು ಸಾಮಾನ್ಯವಾಗಿ ಕೆಡುತ್ತದೆ. ಲಕ್ಷಾಂತರ ಬ್ಯಾಕ್ಟೀರಿಯಾಗಳಿಗೆ ಇದನ್ನು ಸೇರಿಸಿ, ಬದುಕುಳಿದವುಗಳನ್ನು ಪರೀಕ್ಷಿಸಿದಾಗ ತುಣುಕು ಎಲ್ಲೂ ಕಾಣಿಸದ ಜೀನ್‌ಗಳೇ ಅತ್ಯಗತ್ಯವಾದವು. ಈ ಬಗೆಯಲ್ಲೇ 2003ರಲ್ಲಿ ಕ್ಷಯರೋಗದ ಬ್ಯಾಕ್ಟೀರಿಯಾದ ಬೆಳವಣಿಗೆಗೆ ಬೇಕಾದ 614 ಜೀನ್‌ಗಳನ್ನು ವಿಜ್ಞಾನಿಗಳು ಗುರುತಿಸಿದರು.

ಆದರೆ ತೆಗೆದರೆ ಸಾಯುವ ಜೀವಿಯಲ್ಲಿ ಆ ಜೀನಿನ ಕೆಲಸವನ್ನು ಅರಿಯುವುದು ಹೇಗೆ? ಅದನ್ನು ಉಳಿಸಿಕೊಂಡೇ, ಬೇಕೆಂದಾಗ ಅದರ ಕೆಲಸ ತಗ್ಗಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ನಾಗರಾಜ ಅವರ ತಂಡ ಕ್ಷಯದ ಬ್ಯಾಕ್ಟೀರಿಯಾದಲ್ಲಿ ಇದನ್ನು ಮಾಡಿತು. ಡಿಎನ್‌ಎಯ ಅತಿಯಾದ ಹುರಿ ಸಡಿಲಿಸುವ ಟೊಪೊಐಸೊಮರೇಸ್ ಒಂದು ಎಂಬ ಕಿಣ್ವದ ಜೀನನ್ನು ಅದುಮಿದಾಗ ಬ್ಯಾಕ್ಟೀರಿಯಾ ಬದುಕಲಾರದಾಯಿತು. 2014ರಲ್ಲಿ ಪ್ರಕಟವಾದ ಈ ಕೆಲಸ, ಹೊಸ ಔಷಧಿ ಎಲ್ಲಿಗೆ ತಾಗಬೇಕೆಂದು ತೋರಿಸಿತು.

ಕ್ಷಯ ನಮ್ಮ ಮನೆಯ ವಿಷಯ. ಹೊಗೆಸೊಪ್ಪಿನ ನಾಡಾದ ನಿಪ್ಪಾಣಿಯಲ್ಲಿ ಕೆಮ್ಮಿನ ಕಷ್ಟವನ್ನು ಯಾರಿಗೂ ವಿವರಿಸಬೇಕಿಲ್ಲ. ಕ್ಷಯರೋಗಿ ನುಂಗುವ ರಿಫಾಂಪಿಸಿನ್ ಗುಳಿಗೆಯೂ ಬ್ಯಾಕ್ಟೀರಿಯಾದ ಒಂದು ಅತ್ಯಗತ್ಯ ಕಿಣ್ವವನ್ನೇ ತಡೆಯುತ್ತದೆ. ಆ ಗುಳಿಗೆಗೆ ಬಗ್ಗದ ಕ್ಷಯ ಈಗ ಇದೆ. ಅದಕ್ಕೇ ಹೊಸ ಗುರಿಗಳು ಬೇಕು. ಅವನ್ನು ಹುಡುಕುವವರು ನಿಮ್ಮೊಳಗಿಂದಲೂ ಬರಬೇಕು.

ಆದ್ದರಿಂದ ಮಕ್ಕಳೇ, ನಿಮ್ಮ ಮಾದರಿ ಓಡುವುದನ್ನಷ್ಟೇ ತೋರಿಸಬೇಡಿ. ಒಂದು ಭಾಗ ತೆಗೆದು, ಏನು ನಿಂತಿತು, ಏಕೆ ನಿಂತಿತು ಎಂದು ಹೇಳಿ. ನೋಡಲು ಬಂದ ಹಿರಿಯರೇ, ಈ ಪ್ರಶ್ನೆಯನ್ನು ಪ್ರತಿ ಮಳಿಗೆಯಲ್ಲೂ ಕೇಳಿ. ಉತ್ತರಕ್ಕೆ ತಡವರಿಸುವ ಮಗುವಿಗೆ ಯೋಚಿಸಲು ಸಮಯ ಕೊಡಿ.

ಈ ವಿಜ್ಞಾನ ವಸ್ತುಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ.