ಭಾರಲೋಹಗಳ ವಿಷಬಾಧೆ: ಕಾರಣಗಳು ಮತ್ತು ಗುರುತಿಸುವ ಬಗೆ

(ಹೆಬ್ಬಳ್ಳಿ ಭಾಗದ ರೈತರಿಗಾಗಿ ಸಿದ್ಧಪಡಿಸಿದ ಭಾಷಣದ ಬರಹರೂಪ)



ಬೆಳೆಗೆ ಕೀಟನಾಶಕ ಸಿಂಪಡಿಸುವಾಗ ವಿಷವೇರಿದರೆ ಅದು ಬಹುಬೇಗ ತಿಳಿಯುತ್ತದೆ. ಬೆವರು ಸುರಿಯುತ್ತದೆ, ವಾಂತಿಯಾಗುತ್ತದೆ, ಕಣ್ಣು ಮಂಜಾಗುತ್ತದೆ. ಮನೆಯವರು ಗಾಬರಿಗೊಂಡು ಆಸ್ಪತ್ರೆಗೆ ಒಯ್ಯುತ್ತಾರೆ. ಆದರೆ ಹೀಗೆ ಸದ್ದು ಮಾಡಿ ಬರದ ವಿಷವೂ ಉಂಟು. ಅದು ಕುಡಿಯುವ ನೀರಿನೊಡನೆ, ತಿನ್ನುವ ಪಲ್ಲೆಯೊಡನೆ, ಉಸಿರಾಡುವ ಧೂಳಿನೊಡನೆ ದಿನಕ್ಕಿಷ್ಟು ಎಂದು ದೇಹವನ್ನು ಸೇರುತ್ತದೆ. ರುಚಿಯಿಲ್ಲ, ವಾಸನೆಯಿಲ್ಲ. ಅದು ತಂದ ಬೇನೆಯನ್ನು ಜನರು ವಾಯು ಎಂದೋ, ಅಶಕ್ತತೆ ಎಂದೋ, ದೃಷ್ಟಿಯಾಯಿತೆಂದೋ ತಿಳಿದು ವರ್ಷಗಟ್ಟಲೆ ಕಳೆದುಬಿಡುತ್ತಾರೆ. ಸೀಸ, ಪಾದರಸ, ಕ್ಯಾಡ್ಮಿಯಂ ಮತ್ತು ಆರ್ಸೆನಿಕ್ ಇಂಥ ವಿಷಗಳಲ್ಲಿ ಮುಖ್ಯವಾದವು. ಇವನ್ನು ಒಟ್ಟಾಗಿ ಭಾರಲೋಹಗಳೆಂದು ಕರೆಯುವುದು ವಾಡಿಕೆ.

ಸತು, ತಾಮ್ರ, ಕಬ್ಬಿಣಗಳು ಸ್ವಲ್ಪ ಪ್ರಮಾಣದಲ್ಲಿ ದೇಹಕ್ಕೂ ಬೆಳೆಗೂ ಬೇಕು. ಆದರೆ ಸೀಸ, ಪಾದರಸ, ಕ್ಯಾಡ್ಮಿಯಂಗಳಿಂದ ದೇಹಕ್ಕೆ ಯಾವ ಉಪಯೋಗವೂ ಇಲ್ಲ. ಒಳಗೆ ಬಂದದ್ದು ಬೇಗನೆ ಹೊರಗೆ ಹೋಗುವುದೂ ಇಲ್ಲ. ಸೀಸವು ಎಲುಬಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ 10ರಿಂದ 30 ವರ್ಷ ನೆಲೆಸುತ್ತದೆ. ಹನಿ ಹನಿ ಕೂಡಿದರೆ ಹಳ್ಳ ಎಂಬ ಮಾತು ಈ ವಿಷಕ್ಕೂ ಸಲ್ಲುತ್ತದೆ.

ಕಿರದಳ್ಳಿ ತಾಂಡಾದ ಪಾಠ

ಇದು ದೂರದೇಶದ ಮಾತಲ್ಲ. ಯಾದಗಿರಿ ಜಿಲ್ಲೆಯ ಸುರಪುರ ಭಾಗದಲ್ಲಿ ಕಿರದಳ್ಳಿ ತಾಂಡಾ ಎಂಬ ಊರಿದೆ. ಅಲ್ಲಿಯ ಅನೇಕರ ಅಂಗೈ, ಅಂಗಾಲುಗಳು ಗಂಟುಗಂಟಾಗಿ ಒರಟಾಗಿದ್ದವು. ಎದೆ, ಬೆನ್ನಿನ ಮೇಲೆ ಮಳೆಹನಿ ಬಿದ್ದಂತೆ ಚುಕ್ಕೆಗಳೆದ್ದಿದ್ದವು. ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾನಿಲಯದ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಪರೀಕ್ಷೆಗೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಆರ್ಸೆನಿಕ್‌ನಿಂದಾದ ಚರ್ಮದ ವಿಕಾರ ಇತ್ತು; ಚರ್ಮದ ಕ್ಯಾನ್ಸರ್ ಸಹ ಕಂಡುಬಂದಿತು. ಮೂಲವೆಂದರೆ ಅವರು ನಿತ್ಯ ಕುಡಿಯುತ್ತಿದ್ದ ಅಂತರ್ಜಲ. ಆ ಭಾಗ ಹಿಂದಿನಿಂದಲೂ ಚಿನ್ನದ ಗಣಿಗಾರಿಕೆ ನಡೆದ ಮಂಗಳೂರು ಶಿಲಾವಲಯಕ್ಕೆ ಸೇರಿದ್ದು. (ಇದು ಸುರಪುರ ಸೀಮೆಯ ಮಂಗಳೂರು, ಕರಾವಳಿಯದಲ್ಲ.) ಚಿನ್ನವಿರುವ ಕಲ್ಲಿನ ಜೊತೆಗೆ ಆರ್ಸೆನಿಕ್ ಇರುವ ಖನಿಜವೂ ಇರುವುದುಂಟು.

ಆ ನೀರು ನೋಡಲು ತಿಳಿಯಾಗಿತ್ತು, ಕುಡಿಯಲು ತಂಪಾಗಿತ್ತು. ಅದರ ದೋಷವನ್ನು ಹೇಳಿದ್ದು ಜನರ ಅಂಗೈಗಳು. ಅದಕ್ಕೇ ಲಕ್ಷಣಗಳನ್ನು ಅರಿತಿರಬೇಕು.

ಆರ್ಸೆನಿಕ್

ಒಮ್ಮೆಲೇ ಹೆಚ್ಚು ಪ್ರಮಾಣದಲ್ಲಿ ಹೊಟ್ಟೆ ಸೇರಿದರೆ ಕಾಲರಾದಂತೆ ವಾಂತಿಭೇದಿಯಾಗುತ್ತದೆ. ಸ್ವಲ್ಪಸ್ವಲ್ಪವಾಗಿ ಸೇರಿದರೆ ಲಕ್ಷಣ ತೋರಲು ಹಲವು ವರ್ಷ ಬೇಕು. ಮೊದಲು ಎದೆ, ಬೆನ್ನಿನ ಮೇಲೆ ಕಪ್ಪು ಮತ್ತು ಬಿಳಿ ಚುಕ್ಕೆಗಳು. ಆಮೇಲೆ ಅಂಗೈ, ಅಂಗಾಲಿನ ಚರ್ಮ ದಪ್ಪಗಾಗಿ ಗಂಟು ಕಟ್ಟುವುದು. ಪಾದಗಳಲ್ಲಿ ಜೋಮು, ಉರಿ. ಕೊನೆಗೆ ಚರ್ಮ, ಮೂತ್ರಕೋಶ ಅಥವಾ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ದುಡಿಯುವವರ ಕೈ ಒರಟಾಗಿರುವುದು ಸಹಜ. ಆದರೆ ಕುಂಟೆ ಹಿಡಿಯದ ಹುಡುಗನ ಎರಡೂ ಅಂಗೈಗಳಲ್ಲಿ ಗಂಟು ಕಂಡರೆ ಸಂಶಯಪಡಲೇಬೇಕು.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು. ಅಂದರೆ ಸಾವಿರ ಲೀಟರ್ ನೀರಿನಲ್ಲಿ 10 ಮಿಲಿಗ್ರಾಂ ಮಾತ್ರ. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಲೋಹ ಸಾಯುವುದಿಲ್ಲ. ಕುದಿದು ನೀರು ಕಡಿಮೆಯಾದಷ್ಟೂ ಲೋಹದ ಸಾಂದ್ರತೆ ಹೆಚ್ಚುತ್ತದೆ.

ಸೀಸ

ಸೀಸವು ಹಳ್ಳಿಗೆ ಅನೇಕ ವೇಷಗಳಲ್ಲಿ ಬರುತ್ತದೆ. ಟ್ರ್ಯಾಕ್ಟರಿನ ಹಳೆಯ ಬ್ಯಾಟರಿ, ಉದುರುತ್ತಿರುವ ಹಳೆಯ ಬಣ್ಣ, ಸೀಸ ಬೆರೆತ ಕಲಾಯಿ, ಬಣ್ಣ ಏರಿಸಲು ಕಲಬೆರಕೆ ಮಾಡಿದ ಅರಿಸಿನಪುಡಿ, ಸೀಸದ ಸಿಂಧೂರ, ತಿಳಿಯದವರು ಕೊಟ್ಟ ಭಸ್ಮ, ಇವೆಲ್ಲ ಮೂಲಗಳೇ. ಪೆಟ್ರೋಲಿಗೆ ಸೀಸ ಬೆರೆಸುವುದು ಭಾರತದಲ್ಲಿ 2000ದಲ್ಲಿ ನಿಂತಿತು. ಆದರೆ ಹೆದ್ದಾರಿಯ ಬದಿಯ ಮಣ್ಣಿಗೆ ಅದಕ್ಕೂ ಮೊದಲು ಬಿದ್ದ ಸೀಸ ಅಲ್ಲಿಂದ ತಾನಾಗಿ ಹೋಗುವಂಥದಲ್ಲ.

ದೊಡ್ಡವರಲ್ಲಿ ಬಿಟ್ಟುಬಿಟ್ಟು ಬರುವ ಹೊಟ್ಟೆಶೂಲೆ, ಮಲಬದ್ಧತೆ, ದಣಿವು, ಬಿಳಿಚಿಕೊಂಡ ಮುಖ, ಒಸಡಿನ ಅಂಚಿನಲ್ಲಿ ನೀಲಿಗಪ್ಪು ಗೆರೆ, ಮುಂಗೈ ಸೋತು ಜೋತುಬೀಳುವುದು ಇದರ ಲಕ್ಷಣಗಳು. ರಕ್ತಹೀನತೆಗೆ ಎಷ್ಟೇ ಟಾನಿಕ್ ಕುಡಿದರೂ ಗುಣ ಕಾಣದಿದ್ದರೆ ಸೀಸವನ್ನೂ ನೆನೆಯಬೇಕು.

ಮಕ್ಕಳಿಗೆ ಇದರ ಬಾಧೆ ಅತಿ ಹೆಚ್ಚು. ಅವರು ಮಣ್ಣಾಡಿದ ಕೈಯನ್ನೇ ಬಾಯಿಗೆ ಹಾಕುತ್ತಾರೆ. ಹೊಟ್ಟೆ ಸೇರಿದ ಸೀಸ ದೊಡ್ಡವರಿಗಿಂತ ಅವರ ರಕ್ತಕ್ಕೆ ಹೆಚ್ಚು ಇಳಿಯುತ್ತದೆ. ಪಾಠ ತಲೆಗೆ ಹತ್ತದಿರುವುದು, ವಿನಾಕಾರಣ ಸಿಡುಕು, ಬೆಳವಣಿಗೆ ಕುಂಠಿತವಾಗುವುದು ಇವುಗಳ ಹಿಂದೆ ಸೀಸವಿರಬಹುದು. ಪ್ರಮಾಣ ಹೆಚ್ಚಾದರೆ ಸೆಳೆತ ಬಂದು ಪ್ರಾಣಕ್ಕೇ ಅಪಾಯ. ಇಷ್ಟಾದರೆ ಬಾಧೆಯಿಲ್ಲ ಎಂಬ ಮಿತಿ ಸೀಸಕ್ಕೆ ಇಲ್ಲ. ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಕಂಡರೆ ಮೂಲವನ್ನು ಹುಡುಕಿ ತಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಗು ದಡ್ಡನೆಂದು ಬೈಯುವ ಮುಂಚೆ ಮನೆಯ ಹಿತ್ತಲಲ್ಲಿ ಹಳೆಯ ಬ್ಯಾಟರಿ ಒಡೆಯಲಾಗಿದೆಯೇ ಎಂದು ನೋಡುವುದು ಒಳಿತು.

ಪಾದರಸ

ಬಿತ್ತನೆಯ ಬೀಜಕ್ಕೆ ಪಾದರಸದ ಪುಡಿ ಹಚ್ಚುವ ಪದ್ಧತಿ ಹಿಂದೆ ಎಲ್ಲೆಡೆ ಇತ್ತು. ಇರಾಕ್ ದೇಶದಲ್ಲಿ 1971–72ರಲ್ಲಿ ಹೀಗೆ ಉಪಚರಿಸಿದ ಗೋಧಿ, ಬಾರ್ಲಿ ಬೀಜವನ್ನು ಸರಕಾರ ಹಂಚಿತು. ಚೀಲದ ಮೇಲಿನ ಎಚ್ಚರಿಕೆ ಅಲ್ಲಿಯ ರೈತರಿಗೆ ಬಾರದ ಭಾಷೆಯಲ್ಲಿತ್ತು. ಹಸಿದ ಜನ ಬೀಜವನ್ನು ತೊಳೆದು ಬೀಸಿ ರೊಟ್ಟಿ ಮಾಡಿದರು. ಕೆಂಪು ಬಣ್ಣ ಹೋಯಿತು, ವಿಷ ಹೋಗಲಿಲ್ಲ. ವಾರಗಳವರೆಗೆ ಏನೂ ಆಗಲಿಲ್ಲವಾದ್ದರಿಂದ ಧೈರ್ಯವಾಗಿ ತಿನ್ನುತ್ತಲೇ ಹೋದರು. ಕೊನೆಗೆ 6,500ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಆಸ್ಪತ್ರೆಗಳಲ್ಲಿಯೇ 459 ಜನ ತೀರಿಕೊಂಡರು.

ಬಾಯಿಯ ಸುತ್ತ ಮತ್ತು ಬೆರಳುಗಳಲ್ಲಿ ಜೋಮು, ತೂರಾಡುವ ನಡಿಗೆ, ತೊದಲು ಮಾತು, ದೃಷ್ಟಿಯ ಅಂಚು ಕಿರಿದಾಗುವುದು, ಕೈ ನಡುಕ ಇದರ ಲಕ್ಷಣಗಳು. ಬೀಜೋಪಚಾರಕ್ಕೆ ಬಳಕೆಯಲ್ಲಿದ್ದ ಪಾದರಸದ ಔಷಧಿಗಳು ಭಾರತದಲ್ಲಿ ಒಂದೊಂದಾಗಿ ನಿಷೇಧಗೊಂಡು, ಮೀಥಾಕ್ಸಿ ಈಥೈಲ್ ಮರ್ಕ್ಯುರಿ ಕ್ಲೋರೈಡ್ ಸಹ 2018ರಲ್ಲಿ ನಿಷೇಧವಾಯಿತು. ಹಳೆಯ ಡಬ್ಬಿ ಅಟ್ಟದ ಮೂಲೆಯಲ್ಲಿ ಉಳಿದಿದ್ದರೆ ಮುಟ್ಟದೆ ಕೃಷಿ ಅಧಿಕಾರಿಗಳಿಗೆ ತಿಳಿಸಬೇಕು. ಯಾವುದೇ ಉಪಚರಿಸಿದ ಬೀಜವನ್ನು ತೊಳೆದು ಉಣ್ಣುವುದಾಗಲಿ, ಕೋಳಿಗೆ ಹಾಕುವುದಾಗಲಿ ಕೂಡದು.

ಕ್ಯಾಡ್ಮಿಯಂ

ಜಪಾನಿನ ಜಿಂಜೂ ನದಿಯ ಬಯಲಿನಲ್ಲಿ ಸತುವಿನ ಗಣಿಯಿಂದ ಹರಿದ ಕ್ಯಾಡ್ಮಿಯಂ ಗದ್ದೆಗಳನ್ನು ಸೇರಿತು. ಆ ಅಕ್ಕಿಯನ್ನು ಉಂಡ ಹೆಣ್ಣುಮಕ್ಕಳಿಗೆ, ಅದರಲ್ಲೂ ಹಲವು ಹೆರಿಗೆಯಾದ ನಡುವಯಸ್ಸು ದಾಟಿದವರಿಗೆ, ಎಲುಬು ಮೆತ್ತಗಾಗಿ ಕೆಮ್ಮಿದರೂ ಮುರಿಯುವಂತಾಯಿತು. ನೋವಿನಿಂದ ಅವರು ಕೂಗಿದ ‘ಇತಾಯ್ ಇತಾಯ್’ ಎಂಬ ಮಾತೇ ರೋಗದ ಹೆಸರಾಯಿತು. ಇದಕ್ಕೆ ಕ್ಯಾಡ್ಮಿಯಂ ಕಾರಣವೆಂದು ಅಲ್ಲಿಯ ಸರಕಾರ 1968ರಲ್ಲಿ ಒಪ್ಪಿಕೊಂಡಿತು. ಈ ಲೋಹ ಮೊದಲು ಕೆಡಿಸುವುದು ಮೂತ್ರಪಿಂಡವನ್ನು. ಆರಂಭದಲ್ಲಿ ಹೊರಗಿನ ಲಕ್ಷಣವೇ ಇರುವುದಿಲ್ಲ.

ನಾಲಾ ನೀರು ಮತ್ತು ಕಾಯಿಪಲ್ಲೆ

ಈಗ ಹುಬ್ಬಳ್ಳಿ-ಧಾರವಾಡದ ಮಾತು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಅವಳಿ ನಗರದಿಂದ ದಿನಕ್ಕೆ ಸುಮಾರು 6 ಕೋಟಿ ಲೀಟರ್ ಕೊಳೆನೀರು ಹೊರಬರುತ್ತಿತ್ತು. ಹುಬ್ಬಳ್ಳಿಯ ಕೆಳಗೆ ಬಿಡನಾಳ, ಗಬ್ಬೂರು, ಕಟನೂರು. ಧಾರವಾಡದ ಕೆಳಗೆ ಮಡಿಹಾಳ, ಗೋವನಕೊಪ್ಪ, ಹೀಗೆ ನಾಲಾದ ಇಕ್ಕೆಲದ ರೈತರು ಆ ನೀರೆತ್ತಿ ಬೇಸಿಗೆಯಲ್ಲಿಯೂ ಕಾಯಿಪಲ್ಲೆ ಬೆಳೆದರು. ಕೊಳವೆಬಾವಿ ಬತ್ತಿದರೂ ಈ ನೀರು ಬತ್ತುವುದಿಲ್ಲ. ಗೊಬ್ಬರದ ಅಂಶವೂ ಅದರಲ್ಲಿದೆ. ಆದ್ದರಿಂದ ಅದನ್ನು ಬಳಸಿದವರನ್ನು ಆಕ್ಷೇಪಿಸುವುದು ನ್ಯಾಯವಲ್ಲ. ಸಂತೆಗೆ ಪಲ್ಲೆ ಒಯ್ದು ಮನೆ ನಡೆಸಿದವರು ಅವರು.

ಈ ನೀರಿನಲ್ಲಿ ಬಹುಪಾಲು ಮನೆಗಳ ಬಚ್ಚಲು, ಶೌಚಾಲಯದ ನೀರು. ಜಂತುಹುಳು, ಭೇದಿ, ಹೂಳಿನಲ್ಲಿ ಸೇರಿದ ಆಸ್ಪತ್ರೆಯ ಸೂಜಿ ಕಾಲಿಗೆ ಚುಚ್ಚುವುದು, ಇವು ಮೊದಲು ಕಾಣುವ ಕೇಡುಗಳು. ಕಳೆ ತೆಗೆಯುವ ಹೆಣ್ಣುಮಕ್ಕಳಿಗೆ ಇದರ ಸಂಪರ್ಕ ಹೆಚ್ಚು. ಆದರೆ ಯಾವುದೇ ನಗರದ ಗಟಾರಿಗೆ ಗ್ಯಾರೇಜು, ಬ್ಯಾಟರಿ ದುರಸ್ತಿ, ಗಿಲೀಟು, ಬಣ್ಣದ ಕೆಲಸಗಳ ನೀರೂ ಕೂಡಬಹುದು. ಶುದ್ಧೀಕರಣ ಘಟಕದಲ್ಲಿ ಹಾಯ್ದ ನೀರು ತಿಳಿಯಾಗುತ್ತದೆ ನಿಜ. ಆಗ ಲೋಹ ನಾಶವಾಗುವುದಿಲ್ಲ, ಬಹುಭಾಗ ಹೂಳಿಗೆ ಇಳಿಯುತ್ತದೆ. ಆ ಹೂಳನ್ನು ಪರೀಕ್ಷಿಸದೆ ಗೊಬ್ಬರವೆಂದು ಹೊಲಕ್ಕೆ ಹೇರಬಾರದು.

ಎರೆಭೂಮಿಯ ಜೇಡಿ ಮತ್ತು ಸುಣ್ಣದ ಅಂಶ ಲೋಹವನ್ನು ಹಿಡಿದಿಡುತ್ತವೆ. ಅದರಿಂದ ಬೆಳೆಗೆ ಏರುವುದು ಕಡಿಮೆ. ಆದರೆ ಮೇಲ್ಮಣ್ಣಿನಲ್ಲಿ ವರ್ಷ ವರ್ಷವೂ ಕೂಡುತ್ತದೆ. ಹುಳಿಯಾದ ಮಸಾರಿ ಮಣ್ಣಿನಲ್ಲಿ ಕ್ಯಾಡ್ಮಿಯಂ ಸುಲಭವಾಗಿ ಬೇರಿಗೆ ಸಿಗುತ್ತದೆ. ಅಲ್ಲಿ ಸುಣ್ಣ ಮತ್ತು ಕೊಟ್ಟಿಗೆ ಗೊಬ್ಬರ ಹಾಕುವುದು ಹಿತಕರ.

ಪೈರು ಹಸಿರಾಗಿ ಸೊಂಪಾಗಿದೆ ಎಂದ ಮಾತ್ರಕ್ಕೆ ನಂಬುವಂತಿಲ್ಲ. ಸತು, ತಾಮ್ರ, ನಿಕಲ್ ಅತಿಯಾದರೆ ಎಲೆ ಹಳದಿಯಾಗಿ ಗಿಡ ಗಿಡ್ಡಾಗುತ್ತದೆ. ಕ್ಯಾಡ್ಮಿಯಂ ಮಾತ್ರ ಉಣ್ಣುವವನಿಗೆ ಕೇಡಾಗುವಷ್ಟು ಇದ್ದರೂ ಗಿಡದಲ್ಲಿ ಏನನ್ನೂ ತೋರಿಸದೆ ಇರಬಹುದು. ಪಾಲಕ, ರಾಜಗಿರಿಯಂಥ ಎಲೆಪಲ್ಲೆಗಳು ಇದನ್ನು ಹೆಚ್ಚು ಹೀರುತ್ತವೆ. ಕಾಳು, ಹಣ್ಣುಗಳಿಗೆ ಇಳಿಯುವುದು ಕಡಿಮೆ. ಆದ್ದರಿಂದ ಸಂಶಯವಿರುವ ನೀರಿಗೆ ಎಲೆಪಲ್ಲೆಯ ಬದಲು ಹೂವು, ಹತ್ತಿ, ಚಿಕ್ಕು, ತೇಗ ಇಂಥವನ್ನು ಆರಿಸಬಹುದು.

ದನಕರುಗಳಲ್ಲಿ

ಮೂಕಪ್ರಾಣಿಗಳು ಮನುಷ್ಯನಿಗಿಂತ ಮೊದಲೇ ಎಚ್ಚರಿಕೆ ಕೊಡುವುದುಂಟು. ಜಪಾನಿನ ಮಿನಮಾಟಾ ಊರಿನಲ್ಲಿ ಪಾದರಸದ ಬಾಧೆ ಜನರಲ್ಲಿ 1956ರಲ್ಲಿ ಪತ್ತೆಯಾಗುವ ಮೊದಲೇ ಮೀನು ತಿಂದ ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತಿದ್ದವು. ಇಲ್ಲಿಯ ದನಗಳಿಗೆ ಹೆಚ್ಚಿನ ಭಯ ಸೀಸದ್ದು. ಬ್ಯಾಟರಿಯ ತಗಡು, ಬಣ್ಣದ ಡಬ್ಬಿಯನ್ನು ಕರುಗಳು ನೆಕ್ಕುತ್ತವೆ. ಹಲ್ಲು ಕಡಿಯುವುದು, ಜೊಲ್ಲು, ಕುರುಡಾಗಿ ಎದುರಿನದಕ್ಕೆ ಹಾಯುವುದು, ತಲೆಯನ್ನು ಗೋಡೆಗೆ ಒತ್ತಿ ನಿಲ್ಲುವುದು, ಸೆಳೆತ ಇದರ ಗುರುತು. ಹುಚ್ಚುನಾಯಿ ಕಡಿತದ ರೋಗವೂ ಇದೇ ರೀತಿ ಕಾಣಬಹುದಾದ್ದರಿಂದ ಬಾಯಿಗೆ ಕೈ ಹಾಕದೆ ಪಶುವೈದ್ಯರನ್ನು ಕರೆಯಬೇಕು. ವೈದ್ಯರು ಹೇಳುವವರೆಗೆ ಅಂಥ ಆಕಳ, ಎಮ್ಮೆಯ ಹಾಲನ್ನು ಬಳಸಬಾರದು.

ಗುರುತಿಸುವುದು ಹೇಗೆ, ಮಾಡುವುದೇನು?

ಮೇಲೆ ಹೇಳಿದ ಒಂದೊಂದು ಲಕ್ಷಣಕ್ಕೂ ಬೇರೆ ಕಾರಣಗಳಿರಬಹುದು. ಜೋಮು ಮಧುಮೇಹದಿಂದಲೂ ಬರುತ್ತದೆ, ರಕ್ತಹೀನತೆ ಜಂತುವಿನಿಂದಲೂ ಬರುತ್ತದೆ. ಆದ್ದರಿಂದ ಒಬ್ಬನ ಒಂದು ಲಕ್ಷಣಕ್ಕಿಂತ ಎಲ್ಲವನ್ನೂ ಕೂಡಿಸಿ ನೋಡಬೇಕು. ಒಂದೇ ಮನೆಯ ಹಲವರಿಗೆ ಒಂದೇ ಬಗೆಯ ಬೇನೆ ಇದೆಯೇ? ಅವರೆಲ್ಲ ಒಂದೇ ಬಾವಿಯ ನೀರು ಕುಡಿಯುತ್ತಾರೆಯೇ? ದನಕರು, ಕೋಳಿಗಳಿಗೂ ಏನಾದರೂ ಆಗಿದೆಯೇ? ಊರು ಬಿಟ್ಟು ನಾಲ್ಕು ತಿಂಗಳು ಬೇರೆಡೆ ಇದ್ದಾಗ ಗುಣ ಕಂಡಿತೇ? ಇವಕ್ಕೆ ಹೌದು ಎಂಬ ಉತ್ತರ ಬಂದರೆ ಔಷಧಿಗಿಂತ ಮೊದಲು ಮೂಲವನ್ನು ಹುಡುಕಬೇಕು.

1. ಸಂಶಯ ಬಂದ ನೀರು, ಆಹಾರ ಅಥವಾ ಪುಡಿಯನ್ನು ತಕ್ಷಣ ನಿಲ್ಲಿಸಿ. ಮೂಲ ನಿಲ್ಲದೆ ಯಾವ ಔಷಧಿಯೂ ಫಲ ಕೊಡದು.

2. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಬೇನೆಯ ಜೊತೆಗೆ ಕಸಬು, ನೀರಿನ ಮೂಲ, ತಿಂದ ಭಸ್ಮ, ಲೇಹ್ಯಗಳನ್ನೂ ತಿಳಿಸಿ. ಕೇಳದಿದ್ದರೆ ಅವರಿಗೂ ಹೊಳೆಯದಿರಬಹುದು.

3. ಸೀಸಕ್ಕೆ ರಕ್ತ, ಆರ್ಸೆನಿಕ್‌ಗೆ ಮೂತ್ರ, ಕೂದಲು, ಉಗುರಿನ ಪರೀಕ್ಷೆ ಇದೆ. ಲೋಹವನ್ನು ಹೊರಹಾಕುವ ಔಷಧಿಗಳನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ತೆಗೆದುಕೊಳ್ಳತಕ್ಕದ್ದು.

4. ಸಾರಜನಕ, ರಂಜಕ, ಪೊಟ್ಯಾಷ್ ನೋಡುವ ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಭಾರಲೋಹ ತಿಳಿಯುವುದಿಲ್ಲ. ಅದನ್ನು ಪ್ರತ್ಯೇಕವಾಗಿ ಕೇಳಿ ಮಾಡಿಸಬೇಕು. ನೀರಿನ ಮಾದರಿಗೆ ಪ್ರಯೋಗಾಲಯದವರು ಕೊಟ್ಟ ಬಾಟಲಿಯನ್ನೇ ಬಳಸಿ.

5. ಬ್ಯಾಟರಿಯನ್ನು ಮನೆಯಲ್ಲಿ ಒಡೆಯಬೇಡಿ, ಸೀಸ ಕರಗಿಸಬೇಡಿ. ಅಂಥ ಕೆಲಸಕ್ಕೆ ಹೋಗುವವರು ಬಟ್ಟೆ ಬದಲಿಸಿ, ಕೈಕಾಲು ತೊಳೆದು ಮಕ್ಕಳನ್ನು ಎತ್ತಿಕೊಳ್ಳಲಿ.

6. ಪಲ್ಲೆಯನ್ನು ಚೆನ್ನಾಗಿ ತೊಳೆದರೆ ಅಂಟಿದ ಧೂಳು, ಮಣ್ಣಿನ ಸೀಸ ಹೋಗುತ್ತದೆ. ಎಲೆಯ ಒಳಗೆ ಸೇರಿದ್ದು ಹೋಗದು.

7. ಮಕ್ಕಳಿಗೆ ಹೊಟ್ಟೆತುಂಬ ಊಟ, ಹಾಲು, ರಾಗಿ, ಕಾಳುಗಳನ್ನು ಕೊಡಿ. ಕಬ್ಬಿಣ ಮತ್ತು ಸುಣ್ಣದ ಅಂಶ ಸಾಕಷ್ಟಿದ್ದ ದೇಹ ಸೀಸವನ್ನು ಕಡಿಮೆ ಹೀರುತ್ತದೆ.

ಕಳೆದುಹೋದ ಆರೋಗ್ಯವನ್ನು ಪೂರ್ತಿ ತಂದುಕೊಡುವ ಚಿಕಿತ್ಸೆ ಈ ವಿಷಗಳಿಗೆ ಇಲ್ಲ. ಮಗುವಿನ ಮೆದುಳಿಗಾದ ಹಾನಿಯಂತೂ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಆದರೆ ಬೇಗ ಗುರುತಿಸಿದಷ್ಟೂ ಹಾನಿ ಅಲ್ಲಿಗೇ ನಿಲ್ಲುತ್ತದೆ. ಪೈರಿನ ಎಲೆ ಹಳದಿಯಾದರೆ ರೈತನು ಬುಡ ಕೆದರಿ ಬೇರನ್ನು ನೋಡುತ್ತಾನೆ. ಮನೆಮಂದಿಯ ಮುಖ ಬಿಳಿಚಿಕೊಂಡಾಗಲೂ ಅದೇ ಕಣ್ಣಿನಿಂದ ನೀರಿನ ಬುಡ, ಊಟದ ಬುಡವನ್ನು ನೋಡಿದರೆ ಎಷ್ಟೋ ಬಾಳು ಉಳಿದೀತು.