ಬೆಳ್ಳಿಯ ಲೆಕ್ಕ

(ಗಜೇಂದ್ರಗಡದ ಸಭೆಯಲ್ಲಿ ಆಡಿದ ಮಾತು)

ಬಂಧುಗಳೇ, ಹಿಂದೆ ಗೋಡೆಗೆ ಆತು ಕುಂತಿರುವ ಅಕ್ಕ ತಂಗಿಯರೇ,

‘ಚೋಮನ ದುಡಿ’ ಕಾದಂಬರಿಯ ಬಗ್ಗೆ ಮಾತಾಡು ಅಂದಾರ. ಶಿವರಾಮ ಕಾರಂತರು 1933ರಲ್ಲಿ ತಂದದ್ದು. 1975ರಲ್ಲಿ ಬಿ.ವಿ. ಕಾರಂತರು ಸಿನಿಮಾ ಮಾಡಿದರು. ರೋಣ, ನರಗುಂದದ ಎರಿ ಹೊಲದಾಗ ಬೆಳೆದ ನಮಗೆ ದಕ್ಷಿಣ ಕನ್ನಡದ ಆ ಮಳೆ, ಆ ಕಾಡು ದೂರ. ಸಾಲ ಮತ್ತು ಜೀತ ದೂರ ಅಲ್ಲ. ಇಲ್ಲಿಂದಲೂ ನಮ್ಮ ಮಂದಿ ಗೋವಾಕ್ಕ, ಮಂಗಳೂರಿಗೆ ದುಡಿಯಾಕ ಗಂಟು ಕಟ್ಟಿಕೊಂಡು ಹೋಗತಾರ.

ಚೋಮ ಹೊಲೆಯ. ಸಂಕಪ್ಪಯ್ಯನ ಜೀತದಾಳು. ಅವನ ಹತ್ತಿರ ಜೋಡಿ ಎತ್ತು ಇವೆ, ಉಳಲು ಗೇಣು ಭೂಮಿ ಇಲ್ಲ. ಹೊಲೆಯ ಬೇಸಾಯ ಮಾಡಿದರೆ ಸಂಪ್ರದಾಯ ಕೆಡುತ್ತದಂತೆ! ಸಾಲದ್ದಕ್ಕೆ ಕಾಫಿ ತೋಟದ ಧಣಿಯ ಸಾಲ. ಅದನ್ನು ತೀರಿಸಲು ಇಬ್ಬರು ಗಂಡುಮಕ್ಕಳು ತೋಟಕ್ಕೆ ಹೋಗುತ್ತಾರೆ. ಒಬ್ಬ ಸಾಯುತ್ತಾನೆ. ಇನ್ನೊಬ್ಬ ಕ್ರಿಶ್ಚಿಯನ್ ಹುಡುಗಿಯನ್ನು ಮದುವೆಯಾಗಿ ಮತ ಬದಲಿಸುತ್ತಾನೆ. ಸಾಲ ಹಾಗೇ ಇರುತ್ತದೆ. ಕಡೆಗೆ ಮಗಳು ಬೆಳ್ಳಿ ಹೋಗುತ್ತಾಳೆ. ತೋಟದ ರೈಟರ್ ಮನ್ವೇಲ ಅವಳನ್ನು ಒಲಿಸಿಕೊಳ್ಳುತ್ತಾನೆ, ಧಣಿ ಅವಳ ಮೈ ಬಳಸಿಕೊಳ್ಳುತ್ತಾನೆ, ಸಾಲ ಮನ್ನಾ ಆಗುತ್ತದೆ.

ಗಂಡಾಳಿನ ಬೆವರಿಗೆ ತೀರದ ಸಾಲ ಹೆಣ್ಣಿನ ಮೈಯಿಂದ ತೀರಿತು. ಈ ಲೆಕ್ಕವನ್ನು ಬರೆದ ಪುಸ್ತಕ ಯಾವುದು? ಇಂಗ್ಲಿಷರ ಸರಕಾರ 1843ರಲ್ಲೇ 5ನೇ ಕಾಯಿದೆ ಮಾಡಿ, ಗುಲಾಮನ ಮೇಲೆ ಒಡೆಯನ ಹಕ್ಕನ್ನು ಕೋರ್ಟು ಒಪ್ಪುವುದಿಲ್ಲ ಅಂದಿತು. ಸಾಲಕ್ಕೆ ಮನುಷ್ಯನನ್ನು ಕಟ್ಟಿಹಾಕುವುದನ್ನು ಮುಟ್ಟಲಿಲ್ಲ. ಜೀತ ರದ್ದತಿ ಕಾಯಿದೆ ಬರಲು 1976ರ ತನಕ ಕಾಯಬೇಕಾಯಿತು. ಹೊಸ ರಾಜ್ಯಭಾರ ನಮಗೆ ಕೂಲಿ, ಇಗರ್ಜಿ, ಶಾಲೆ ತಂದಿತು ಅಂತಾರೆ. ನಿಜ, ಆ ಮಗನಿಗೆ ಅದೊಂದು ಬಾಗಿಲಾಯಿತು. ಬೆಳ್ಳಿ ಅದೇ ಬಾಗಿಲಲ್ಲಿ ಹೋದಳು, ಒಳಗೆ ಧಣಿ ಕುಂತಿದ್ದ.

ಮುಂದಿನದು ಹೇಳಲು ನಮ್ಮ ಗಂಡಸರ ಎದುರು ನನಗೆ ಸ್ವಲ್ಪ ಅಂಜಿಕೆ. ಮನ್ವೇಲನ ಜೊತೆ ಬೆಳ್ಳಿಯನ್ನು ಕಂಡಾಗ ಚೋಮ ಅವಳನ್ನು ಬಡಿದು ಮನೆಯಿಂದ ಹೊರಗೆ ಹಾಕುತ್ತಾನೆ. ಸಂಕಪ್ಪಯ್ಯನ ಮೇಲೆ ಏಳದ ಕೈ ಮಗಳ ಮೇಲೆ ಎದ್ದಿತು. ನಾವು ಓದುವಾಗ ‘ಪಾಪ ಚೋಮ’ ಅಂತೇವಿ, ‘ಬೆಳ್ಳಿ ಕೆಟ್ಟಳು’ ಅಂತೇವಿ. ಕೆಡಿಸಿದವನಿಗೆ ಒಂದು ಮಾತೂ ಇಲ್ಲ.

ಕಾರಂತರು ಬ್ರಾಹ್ಮಣರು, ಆ ಕಾಲದಲ್ಲಿ ಅಷ್ಟಾದರೂ ಕಂಡರು, ಅದನ್ನು ಸಣ್ಣದು ಮಾಡಲಾರೆ. ಆದರೆ ಅಮೆರಿಕದ ಕಪ್ಪು ಲೇಖಕಿ ಟೋನಿ ಮಾರಿಸನ್ 1987ರಲ್ಲಿ ‘ಬಿಲವೆಡ್’ ಬರೆದಾಗ, ಗುಲಾಮಗಿರಿಯಿಂದ ಓಡಿಬಂದ ತಾಯಿಯನ್ನೇ ಕತೆಯ ನಡುವೆ ಕೂರಿಸಿದಳು. ಮಗಳು ಮತ್ತೆ ಒಡೆಯನ ಕೈಗೆ ಸಿಗಬಾರದೆಂದು ತನ್ನ ಕೈಯಾರೆ ಕೊಂದ ತಾಯಿ ಆಕೆ. ನಮ್ಮಲ್ಲಿ ದುಡಿಯ ಹೆಸರು ಪುಸ್ತಕದ ಮೇಲೆ ಬಂತು, ಬೆಳ್ಳಿಯ ಹೆಸರು ಬರಲಿಲ್ಲ.

ಬಿ.ಎ. ಓದುವಾಗ ನಾನೂ ಚೋಮನ ಮೇಲೆ ಉದ್ದನೆ ಪದ್ಯ ಬರೆದು ಮನೆಯಲ್ಲಿ ಓದಿ ತೋರಿಸಿದ್ದೆ. ಕತೆಯನ್ನೂ ಹೇಳಿದ್ದೆ. ನಮ್ಮವ್ವ ಓದಿದಾಕಿ ಅಲ್ಲ. ಜ್ವಾಳ ಹಸನು ಮಾಡ್ತಾ ಎಲ್ಲಾ ಕೇಳಿ, ‘ಆ ಹುಡುಗಿ ಮುಂದ ಎಲ್ಲಿ ಉಂಡಳೋ, ಎಲ್ಲಿ ಮಲಗಿದಳೋ, ನಿನ್ನ ಪದ್ಯದಾಗ ಬರಲೇ ಇಲ್ಲಲ್ಲೋ’ ಅಂದಳು.

ಆ ಪದ್ಯ ಹರಿದು ಹಾಕೀನಿ. ಇನ್ನೊಂದು ಬರಿಯಾಕ ಹತ್ತೀನಿ, ನಾಲ್ಕು ಸಾಲಿಗೆ ನಿಂತೈತಿ.