ಕೈಗಾರಿಕೆಗಳೂ ಅಂಕಿವಿದ್ಯೆಯೂ
(ಕಗ್ಗದಾಸಪುರದಲ್ಲಿ ಮಾಡಿದ ಉಪನ್ಯಾಸ)



ಈ ಮಹೋತ್ಸವದ ಸಂದರ್ಭದಲ್ಲಿ ಕೈಗಾರಿಕೆಗಳ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಧರ್ಮಸಭೆಯಲ್ಲಿ ಕಾರ್ಖಾನೆಯ ಮಾತೇಕೆಂದು ಕೆಲವರು ಶಂಕಿಸಬಹುದು. ಆದರೆ ಕಾಯಕವನ್ನು ಪೂಜೆಗಿಂತ ಕೀಳಲ್ಲವೆಂದು ಬಗೆದವರ ಸಭೆಯಲ್ಲಿ, ದುಡಿಮೆಯ ರೀತಿಯೇ ಬದಲಾಗುತ್ತಿರುವಾಗ ಆ ಬದಲಾವಣೆಯನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದೆಂದು ನಂಬಿದ್ದೇನೆ.

ಇದನ್ನು ಕಾಣುವುದಕ್ಕೆ ನಾವು ದೂರ ಹೋಗಬೇಕಾದುದಿಲ್ಲ. ನಮ್ಮ ಕಗ್ಗದಾಸಪುರದ ಒಂದು ದಿಕ್ಕಿಗೆ, ೧೯೪೦ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಾಯದಿಂದ ಆರಂಭಿಸಿದ ವಿಮಾನ ಕಾರ್ಖಾನೆಯಿದೆ. ಇನ್ನೊಂದು ದಿಕ್ಕಿಗೆ, ಕೃಷ್ಣರಾಜಪುರದ ಬಳಿಯ ದೂರವಾಣಿನಗರದಲ್ಲಿ, ೧೯೪೮ರಲ್ಲಿ ಸ್ಥಾಪಿತವಾದ ಐ.ಟಿ.ಐ. ದೂರವಾಣಿ ಕಾರ್ಖಾನೆಯಿದೆ. ನೆರೆಯ ಸಿ.ವಿ. ರಾಮನ್ ನಗರದಲ್ಲಿ ವಿಮಾನದ ಇಂಜಿನುಗಳ ಸಂಶೋಧನಾಲಯವಿದೆ. ಈ ಮೂರೂ ನಮಗೆ ಪಾಠ ಹೇಳಬಲ್ಲವು.

ಇಂದಿನವರು ಡಿಜಿಟಲ್ ಎಂದು ಕರೆಯುವ ವಿದ್ಯೆಯ ಸಾರವು ಇಷ್ಟೇ: ವಸ್ತುವಿನ ಆಕಾರ, ಅಳತೆ, ಬೇಡಿಕೆ, ಅದು ಇರುವ ಸ್ಥಳ, ಇವೆಲ್ಲವನ್ನೂ ಅಂಕಿಗಳನ್ನಾಗಿ ಮಾಡಿ ಗಣಕಯಂತ್ರಕ್ಕೆ ಒಪ್ಪಿಸುವುದು. ಹಿಂದೆ ನಕ್ಷೆಯು ಕಾಗದದ ಮೇಲಿರುತ್ತಿತ್ತು. ಅದನ್ನು ಓದಿ, ಲೇತಿನ ಮುಂದೆ ನಿಂತು, ಲೋಹವನ್ನು ಕಡೆದು ಆಕಾರಕ್ಕೆ ತರುವವನು ಕಸಬುದಾರನಾಗಿದ್ದನು. ಈಗ ನಕ್ಷೆಯೇ ಯಂತ್ರಕ್ಕೆ ಆಜ್ಞೆ ಕೊಡುತ್ತದೆ.

ಇದರಿಂದ ದುಡಿಯುವವರಿಗೆ ಏನಾಯಿತೆಂಬುದಕ್ಕೆ ದೂರವಾಣಿ ಕಾರ್ಖಾನೆಯ ಚರಿತ್ರೆಯೇ ಸಾಕ್ಷಿ. ಮೊದಲು ಅಲ್ಲಿ ತಯಾರಾಗುತ್ತಿದ್ದುದು ಸ್ಟ್ರೌಜರ್ ಪದ್ಧತಿಯ ವಿನಿಮಯ ಕೇಂದ್ರಗಳು. ಚಂದಾದಾರನು ಒಂದೊಂದು ಅಂಕಿಯನ್ನು ತಿರುವಿದಂತೆಲ್ಲ ಕೇಂದ್ರದಲ್ಲಿ ಒಂದು ಲೋಹದ ತೋಳು ಮೇಲೇರಿ, ಸುತ್ತಿ, ತಕ್ಕ ತಂತಿಯನ್ನು ಮುಟ್ಟಬೇಕಾಗಿತ್ತು. ಅಂಥ ಕೇಂದ್ರವೊಂದರಲ್ಲಿ ಲೆಕ್ಕವಿಲ್ಲದಷ್ಟು ರಿಲೇಗಳು, ಸ್ಪ್ರಿಂಗುಗಳು. ಅವನ್ನು ಜೋಡಿಸಿ ಕೂದಲೆಳೆಯ ಅಂತರಕ್ಕೆ ಹದಮಾಡುವ ಸಾವಿರಾರು ಕೈಗಳು. ಅವರಲ್ಲಿ ಅನೇಕರು ಸ್ತ್ರೀಯರು. ೧೯೮೪ರಲ್ಲಿ ಸಿ-ಡಾಟ್ ಸಂಸ್ಥೆಯು ಸ್ಥಾಪಿತವಾಗಿ, ೧೯೮೬ರಲ್ಲಿ ನಮ್ಮ ಕಿತ್ತೂರಿನಲ್ಲಿಯೇ ಅದರ ಮೊದಲ ಗ್ರಾಮೀಣ ಡಿಜಿಟಲ್ ಕೇಂದ್ರವು ಕೆಲಸಕ್ಕೆ ತೊಡಗಿತು. ಹಳ್ಳಿಗಳಿಗೆ ಮಾತು ತಲುಪಿತು. ಅದು ಮಹೋಪಕಾರವೇ ಸರಿ. ಆದರೆ ಹೊಸ ಕೇಂದ್ರದಲ್ಲಿ ಏರುವ ತೋಳೂ ಇಲ್ಲ, ಸುತ್ತುವ ಚಕ್ರವೂ ಇಲ್ಲ. ತೋಳು ಹೋದ ಬಳಿಕ ಅದನ್ನು ಹದಮಾಡುತ್ತಿದ್ದ ಬೆರಳುಗಳಿಗೂ ಕೆಲಸವಿಲ್ಲವಾಯಿತು. ನಾಡಿಗೆ ಬಂದ ಲಾಭವೂ ಆ ಮನೆಗಳಿಗೆ ಬಂದ ಕಷ್ಟವೂ ಒಂದೇ ಮೂಲದಿಂದ ಹುಟ್ಟಿದವು. ಲಾಭವನ್ನು ಮಾತ್ರ ಹೇಳಿ ಕಷ್ಟವನ್ನು ಮರೆಯುವುದು ನ್ಯಾಯವಲ್ಲ.

ಇನ್ನು ವಿಮಾನ ಕಾರ್ಖಾನೆಯ ಕಡೆಗೆ ನೋಡೋಣ. ೨೦೦೧ನೆಯ ಜನವರಿ ೪ರಂದು ಇಲ್ಲಿಂದಲೇ ಮೊದಲ ಬಾರಿ ಹಾರಿದ ತೇಜಸ್ ವಿಮಾನದ ಹೊಸ ಮಾದರಿಗೆ, ರೆಕ್ಕೆಗಳು ಕೊಯಮತ್ತೂರಿನಲ್ಲಿಯೂ, ಒಡಲಿನ ನಡುಭಾಗವು ಹೈದರಾಬಾದಿನಲ್ಲಿಯೂ ಸಿದ್ಧವಾಗುತ್ತವೆ. ಒಬ್ಬರ ಮುಖವನ್ನೊಬ್ಬರು ಕಾಣದ ಕಸಬುದಾರರು ಬೇರೆ ಬೇರೆ ಊರುಗಳಲ್ಲಿ ಮಾಡಿದ ಭಾಗಗಳು ಬೆಂಗಳೂರಿನಲ್ಲಿ ಕೂಡಿದಾಗ ರಂಧ್ರಕ್ಕೆ ರಂಧ್ರ ಸರಿಬೀಳಬೇಕು. ಎಲ್ಲರೂ ಒಂದೇ ಅಂಕಿಗಳ ನಕ್ಷೆಯನ್ನು ಅನುಸರಿಸುವುದರಿಂದ ಇದು ಸಾಧ್ಯವಾಗಿದೆ. ಸರಕಿನ ಸಾಗಾಣಿಕೆಯಲ್ಲಿಯೂ ಹೀಗೆಯೇ. ೨೦೧೮ನೆಯ ಏಪ್ರಿಲ್ ೧ರಿಂದ ಲಾರಿಯ ಸರಕಿಗೆ ಇ-ವೇ ಬಿಲ್ಲೆಂಬ ಗಣಕದ ರಹದಾರಿ ಜಾರಿಗೆ ಬಂದಿತು. ರಾಜ್ಯದೊಳಗಿನ ಸಾಗಾಣಿಕೆಗೂ ಅದೇ ದಿನದಿಂದ ಅದನ್ನು ಅನ್ವಯಿಸಿದುದು ಕರ್ನಾಟಕವೇ. ಸರಕಿಗಿಂತ ಮುಂಚೆ ಅದರ ಲೆಕ್ಕವು ಊರು ಸೇರುತ್ತದೆ.

ಆದರೆ ಲೆಕ್ಕವು ಮುಂದೆ ಹೋದ ಮಾತ್ರಕ್ಕೆ ಸರಕು ಹಿಂದಿನಿಂದ ಬಂದೇ ಬರುವುದೆಂಬ ನಿಶ್ಚಯವಿಲ್ಲ. ೨೦೨೧ನೆಯ ಮಾರ್ಚಿಯಲ್ಲಿ ಸೂಯೆಜ್ ಕಾಲುವೆಗೆ ಅಡ್ಡಲಾಗಿ ಒಂದೇ ಒಂದು ಹಡಗು ಸಿಕ್ಕಿಕೊಂಡಾಗ, ಪ್ರಪಂಚದ ವ್ಯಾಪಾರದ ಮುಖ್ಯ ಮಾರ್ಗವೊಂದು ಆರು ದಿನ ಕಟ್ಟಿತು. ಯಾವ ಹಡಗು ಎಲ್ಲಿದೆಯೆಂಬುದನ್ನು ಗಣಕಯಂತ್ರಗಳು ಕ್ಷಣಕ್ಷಣಕ್ಕೂ ತೋರಿಸುತ್ತಿದ್ದವು. ಆದರೆ ಒಂದನ್ನೂ ಕದಲಿಸಲಾರದೆ ಹೋದವು. ತೇಜಸ್ಸಿಗಾಗಿ ೨೦೨೧ರಲ್ಲಿ ಅಮೆರಿಕೆಯ ಜಿ.ಇ. ಸಂಸ್ಥೆಯೊಡನೆ ೯೯ ಇಂಜಿನುಗಳಿಗೆ ಒಪ್ಪಂದವಾಯಿತು. ಅವುಗಳಲ್ಲಿ ಮೊದಲನೆಯದು ಕೈಸೇರಿದುದು ೨೦೨೫ನೆಯ ಮಾರ್ಚಿಯಲ್ಲಿ. ವಿಮಾನದ ಒಡಲು ಸಿದ್ಧವಾಗಿ ಇಂಜಿನಿಗಾಗಿ ಕಾಯಬೇಕಾಯಿತು.

ಹಾಗಾದರೆ ಇಂಜಿನನ್ನು ನಾವೇ ಮಾಡಬಾರದೇ ಎಂದು ತಾವು ಕೇಳಬಹುದು. ಅದರ ಉತ್ತರವು ನಮ್ಮ ನೆರೆಯ ಸಂಶೋಧನಾಲಯದಲ್ಲಿದೆ. ಅಲ್ಲಿ ಕಾವೇರಿಯೆಂಬ ಇಂಜಿನಿನ ಯೋಜನೆಯು ೧೯೮೯ರಲ್ಲಿ ಮಂಜೂರಾಯಿತು. ವಿಜ್ಞಾನಿಗಳು ಬಹು ಶ್ರಮಪಟ್ಟರು. ಆದರೂ ೨೦೦೮ರಲ್ಲಿ ತೇಜಸ್ಸಿನಿಂದ ಅದನ್ನು ಬೇರ್ಪಡಿಸಬೇಕಾಯಿತು. ಇಂಜಿನಿನೊಳಗಿನ ಅಲಗುಗಳು ಬೆಂಕಿಯಂಥ ಅನಿಲದ ನಡುವೆ ಮಹಾವೇಗದಿಂದ ತಿರುಗಬೇಕು. ಅದನ್ನು ತಾಳುವ ಲೋಹವನ್ನು ಕರಗಿಸಿ ಎರಕಹೊಯ್ಯುವ ಹದವು ನಕ್ಷೆಯಲ್ಲಿ ಪೂರ್ಣವಾಗಿ ಬರೆದಿಡತಕ್ಕದ್ದಲ್ಲ. ಕುಲುಮೆಯ ಮುಂದೆ ತಲೆಮಾರುಗಳು ನಿಂತು, ಕೆಟ್ಟದ್ದನ್ನು ಎಸೆದು, ಮತ್ತೆ ಹೊಯ್ದು ಗಳಿಸಬೇಕಾದ ವಿದ್ಯೆ ಅದು. ಅಂಕಿವಿದ್ಯೆಯು ಅಂಥ ಕೈಯನ್ನು ಚುರುಕುಗೊಳಿಸಬಲ್ಲದು. ಅದಿಲ್ಲದ ಕಡೆ ಅದನ್ನು ಹುಟ್ಟಿಸಲಾರದು.

ನಾನು ಹೇಳಬೇಕಾದುದು ಇದೊಂದೇ. ಬೆರಳಿನ ಕೆಲಸವನ್ನು ಅಂಕಿಗಳು ಕಸಿದುಕೊಂಡ ಮಾತ್ರಕ್ಕೆ ಕೈಯ ವಿದ್ಯೆಯೇ ಮುಗಿಯಿತೆಂದು ತಿಳಿಯುವುದು ದೊಡ್ಡ ತಪ್ಪು. ಈ ಸುತ್ತಮುತ್ತಲಿನ ಬೀದಿಗಳಲ್ಲಿ ಆ ಕಾರ್ಖಾನೆಗಳಿಂದ ನಿವೃತ್ತರಾದ ಎಷ್ಟೋ ಮಂದಿ ಹಿರಿಯರಿದ್ದಾರೆ. ಲೋಹದ ಸದ್ದನ್ನು ಕೇಳಿಯೇ ಯಂತ್ರದ ದೋಷವನ್ನು ಹೇಳಬಲ್ಲವರು ಅವರಲ್ಲಿದ್ದಾರೆ. ಅದೇ ಬೀದಿಗಳಲ್ಲಿ, ಪರದೆಯ ಮೇಲೆ ಯಂತ್ರವನ್ನು ಬರೆಯಬಲ್ಲರಾದರೂ ಅರವನ್ನು ಹಿಡಿದು ನೋಡದ ತರುಣರೂ ಇದ್ದಾರೆ. ಇವರಿಬ್ಬರನ್ನೂ ಒಂದೆಡೆ ಕೂಡಿಸುವುದಕ್ಕೆ ಮಠಕ್ಕಿಂತ ತಕ್ಕ ಸ್ಥಳ ಯಾವುದು? ಅನ್ನಕ್ಕೂ ಅಕ್ಷರಕ್ಕೂ ಆಶ್ರಯ ಕೊಟ್ಟ ಸಂಸ್ಥೆಗಳು ಕಸಬಿಗೂ ಆಶ್ರಯ ಕೊಡಲಿ. ವಾರಕ್ಕೆ ಎರಡು ಸಂಜೆ ಹಿರಿಯರು ಹೇಳಿಕೊಡಲಿ, ಕಿರಿಯರು ಕಲಿಯಲಿ. ಕಿರಿಯರಿಂದ ಹಿರಿಯರೂ ಗಣಕವನ್ನು ಕಲಿಯಲಿ. ಹೊಸ ಯಂತ್ರದಿಂದ ಕೆಲಸ ಕಳೆದುಕೊಂಡವರು ಬಂದರೆ ಅವರಿಗೆ ಮೊದಲ ಸ್ಥಾನವಿರಲಿ.

ಇಂಥ ಚಿಕ್ಕ ಶಾಲೆಯೊಂದಕ್ಕೆ ಈ ಮಹೋತ್ಸವದಲ್ಲಿಯೇ ಅಂಕುರಾರ್ಪಣವಾದರೆ ನಾನು ಕೃತಾರ್ಥನು.